ಶ್ರಾವಣದಲ್ಲಿ ಬೆಳ್ಳುಳ್ಳಿ ವಾಸನೆ

ಕಮಲಾಪುರ
14 ಜುಲೈ 2025

ಮಮ್ಮಿ, ನೀನು ಅಜ್ಜಿಯಾಗ್ತಿದ್ದೀ!

ನೋಡು, ಹೇಗಿದ್ದೀ ಅಂತ ಕೇಳುವ ಮೊದಲೇ ಹೇಳಿಬಿಟ್ಟೆ. ತಡೆದುಕೊಳ್ಳಲು ಆಗಲಿಲ್ಲ. ಶುಕ್ರವಾರ ಡಾಕ್ಟರ್ ಖಚಿತ ಮಾಡಿದರು. ಅವತ್ತಿನಿಂದ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಕನ್ನಡಿ ಮುಂದೆ ಅಡ್ಡಡ್ಡ ನಿಂತು ಹೊಟ್ಟೆ ನೋಡಿಕೊಳ್ಳುತ್ತೇನೆ. ಏನೂ ಕಾಣುವುದಿಲ್ಲ, ಆದರೂ ನೋಡಿಕೊಳ್ಳುತ್ತೇನೆ!

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿನ್ನ ಕಿವಿಗೆ ಕೇಳಿಸುವ ಹಾಗೆ ಕೂಗಿದರೆ ಇಡೀ ಓಣಿಗೆ ಗೊತ್ತಾಗುತ್ತದೆ. ಮೂರು ತಿಂಗಳು ತುಂಬುವವರೆಗೆ ಹೊರಗಿನವರಿಗೆ ಹೇಳಬಾರದು ಅಂತ ಅತ್ತೆಯ ಕಟ್ಟಪ್ಪಣೆ. ಮೇಲಾಗಿ ಈ ಮನೆಯಲ್ಲಿ ನನ್ನ ಫೋನ್ ಎಂದರೆ ಎಲ್ಲರ ಫೋನ್. ನಾನು ಹಲೋ ಅನ್ನುವುದರೊಳಗೆ ಅತ್ತೆ ಇಸಿದುಕೊಂಡು "ನಾಗರತ್ನಾ ಅಕ್ಕಾರ, ಊಟ ಆಯ್ತೇನ್ರಿ?" ಅಂತ ಶುರು ಮಾಡುತ್ತಾರೆ. ನಿನ್ನ ಬಟನ್ ಫೋನಿಗೆ ಮೆಸೇಜ್ ಕಳಿಸಿದರೆ ಕನ್ನಡ ಅಕ್ಷರಗಳೆಲ್ಲ ಚೌಕ ಚೌಕ ಡಬ್ಬಿಗಳಾಗಿ ಕಾಣುತ್ತವಂತೆ. ಅದಕ್ಕೇ ಪತ್ರ. ನನಗಂತೂ ಪತ್ರ ಬರೆಯುವುದು ಸಿನಿಮಾದ ಹೀರೋಯಿನ್ ಆದಷ್ಟು ಖುಷಿ ಕೊಡುತ್ತಿದೆ.

ಶಿವಲಿಂಗ ಅವರಿಗೆ ಹೇಳಿದಾಗ ಏನು ಮಾಡಿದರು ಗೊತ್ತಾ? ಬ್ಯಾಂಕಿನಿಂದ ಬಂದು ಶೂ ಬಿಚ್ಚುತ್ತಿದ್ದರು. ಒಂದು ಶೂ ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಹೋಗಿ ಕೆಂಪು ಬಾಳೆಹಣ್ಣಿನ ಇಡೀ ಗೊನೆ ತಂದರು. ಈಗ ಮನೆಯಲ್ಲಿ ಎಲ್ಲಿ ನೋಡಿದರೂ ಬಾಳೆಹಣ್ಣು.

ಆದರೆ ನಿಜವಾದ ಸಂಭ್ರಮ ಮಾವನದು. ಅವರು ಮೊದಲು ಪಾತ್ರೆ ಅಂಗಡಿ ಇಟ್ಟಿದ್ದರು, ಹಿತ್ತಿಲಿನ ತಗಡಿನ ಶೆಡ್ಡಿನಲ್ಲಿ ತಾವೇ ಕಲಾಯಿ ಹಾಕುತ್ತಿದ್ದರು ಅಂತ ಮದುವೆಯಲ್ಲಿ ನಿನಗೆ ಹೇಳಿದ್ದರಲ್ಲ? ಅಂಗಡಿ ಮುಚ್ಚಿದರೂ ಶೆಡ್ಡು, ಒಲೆ, ಕೈಯಿಂದ ತಿರುಗಿಸುವ ಬ್ಲೋವರ್ ಎಲ್ಲ ಹಾಗೇ ಇವೆ. ಸುದ್ದಿ ಕೇಳಿದವರೇ ಕೈಕಾಲು ತೊಳೆದು, ದೇವರ ಜಗಲಿಯ ಮೇಲಿದ್ದ ಒಂದು ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ ತಂದು ಅತ್ತೆಯ ಮುಂದೆ ಇಟ್ಟರು.

"ಅಂಬಮ್ಮ, ನಮ್ಮಪ್ಪ ಇದನ್ನ ಯಾಕ ಕಾದಿಟ್ಟಿದ್ದ ಅಂತ ಈಗ ತಿಳೀತು ನೋಡು."

"ಯಾಕ ಇಟ್ಟಿದ್ರಂತ?"

"ಮರಿಮಗನ ಕರಡಗಿ ಸಲುವಾಗಿ."

"ಮರಿಮಗಳು ಹುಟ್ಟಿದ್ರ?"

"ಆಕಿಗೂ ಲಿಂಗಾ ಕಟ್ತೀವಲ್ಲ? ಆಕಿಗೇನು ಕರಡಗಿ ಬ್ಯಾಡೇನು?"

ಶಿವಲಿಂಗ ಅವರ ಅಜ್ಜ ಹರೆಯದಲ್ಲಿ ರಾಯಚೂರು ಕಡೆಯ ಚಿನ್ನದ ಗಣಿಯಲ್ಲಿ ದುಡಿದು ಬಂದವರಂತೆ. ಬರುವಾಗ ಈ "ಬೆಳ್ಳಿ ಕಲ್ಲು" ತಂದರಂತೆ. ಅಂದಿನಿಂದ ಅದಕ್ಕೆ ದಿನಾ ವಿಭೂತಿ. ಈಗ ಮಾವ ಅದನ್ನು ಕಾಸಿ ಬೆಳ್ಳಿ ತೆಗೆದು, ಕೂಸಿನ ಲಿಂಗ ಇಡಲು ಕರಡಿಗೆ ಮಾಡಿಸುತ್ತಾರಂತೆ! ಅಂಗಡಿಯ ಬೆಳ್ಳಿ ಬೇಡವಂತೆ, ಮುತ್ತಜ್ಜನ ಬೆಳ್ಳಿಯೇ ಆಗಬೇಕಂತೆ. ನನಗೆ ಅಳು ಬಂದುಬಿಟ್ಟಿತು.

ಕಲ್ಲು ಸುಲಿದ ತೆಂಗಿನಕಾಯಿಯಷ್ಟಿದೆ, ತೂಕ ಮಾತ್ರ ಯಪ್ಪಾ! ಹೊರಗೆ ಬೂದು ಬಣ್ಣ. ಒಂದು ಮೂಲೆ ಒಡೆದಿರುವ ಕಡೆ ಈಗಷ್ಟೇ ಕಲಾಯಿ ಹಾಕಿದ ಪಾತ್ರೆಯ ಒಳಗಿನ ಹಾಗೆ ಬೆಳ್ಳಗೆ ಹೊಳೆಯುತ್ತದೆ. ನಿನ್ನ ಕಪಾಟಿನ ಕಲ್ಲುಗಳ ಧೂಳು ಒರೆಸಿ ಬೆಳೆದವಳು ನಾನು, ಆದರೂ ಇದರ ಹೆಸರು ಹೊಳೆಯಲಿಲ್ಲ. ನೀನು ಕಾಲೇಜಿನಲ್ಲಿ ಅಷ್ಟು ವರ್ಷ ಭೂವಿಜ್ಞಾನ ಕಲಿಸಿದವಳು, ನೀನೇ ಹೇಳು. ಬೆಳ್ಳಿ ಹೀಗಿರುತ್ತದಾ?

ಕಾಲಿನ ಪ್ಲಾಸ್ಟರ್ ಯಾವಾಗ ಬಿಚ್ಚುತ್ತಾರೆ? ಸೂಪರ್ ಮಾರ್ಕೆಟ್ಟಿನ ಆ ಮೆಟ್ಟಿಲ ಹತ್ತಿರ ಇನ್ನು ಕಾಲಿಡಬೇಡ.

ಕುಣಿಯಬೇಡ ಅಂದರೂ ಕುಣಿಯುವ ನಿನ್ನ,
ಸೃಷ್ಟಿ


ಕೋಟನೂರ, ಕಲಬುರಗಿ
24 ಜುಲೈ 2025

ಚಿ. ಸೌ. ಸೃಷ್ಟಿಗೆ ಆಶೀರ್ವಾದಗಳು.

ನಿನ್ನ ಪತ್ರವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಓದಿ ಮಡಚಿಟ್ಟು ಮತ್ತೆ ತೆಗೆಯುತ್ತೇನೆ. ನಿಮ್ಮಪ್ಪ ಇದ್ದಿದ್ದರೆ ಇಡೀ ಕೋಟನೂರಿಗೆ ಪೇಢೆ ಹಂಚುತ್ತಿದ್ದರು. ನಾನು ಪ್ಲಾಸ್ಟರಿನ ಕಾಲನ್ನು ಕುರ್ಚಿಯ ಮೇಲೆ ಚಾಚಿಕೊಂಡು ಒಬ್ಬಳೇ ಸಕ್ಕರೆ ತಿಂದೆ. ಬಿಚ್ಚಲು ಇನ್ನೂ ಮೂರು ವಾರ ಎನ್ನುತ್ತಾರೆ.

ವಾಂತಿಯಾದರೆ ಹೆದರಬೇಡ, ಈ ತಿಂಗಳುಗಳಲ್ಲಿ ಅದು ಸಹಜ. ಹಸಿದುಕೊಂಡು ಮಾತ್ರ ಇರಬೇಡ.

ಇನ್ನು ಬೀಗರ ಕಲ್ಲು. ಬೆಳ್ಳಿ ನೆಲದಲ್ಲಿ ಬೆಳ್ಳಿಯಾಗಿಯೇ ಸಿಕ್ಕರೂ ಗಾಳಿಗೆ ಕಪ್ಪಾಗುತ್ತದೆ, ಬಡಿದರೆ ಚಪ್ಪಟೆಯಾಗುತ್ತದೆ, ಕಲ್ಲಿನಂತೆ ಒಡೆಯುವುದಿಲ್ಲ. ಇದು ಒಡೆದಿದೆ ಎನ್ನುತ್ತೀ. ಹಾಗಾದರೆ ಬೇರೇನೋ ಇರಬೇಕು. ಒಂದು ಚಾಕುವಿನಿಂದ ಗೀರಿ ನೋಡು. ಹಳೆಯ ಟೈಲ್ಸಿನ ಹಿಂಬದಿಗೆ ಉಜ್ಜಿ, ಯಾವ ಬಣ್ಣದ ಗೆರೆ ಬಿತ್ತು ಬರೆ. ನಮ್ಮ ಕಡೆಯ ಕರಿಕಲ್ಲಿನಲ್ಲಾಗಲಿ ಸುಣ್ಣದ ಕಲ್ಲಿನಲ್ಲಾಗಲಿ ಇಂಥದ್ದು ಹುಟ್ಟುವುದಿಲ್ಲ. ಚಿನ್ನದ ಜೊತೆಗೆ ಏನೇನೋ ಹುಟ್ಟುತ್ತವೆ, ಎಲ್ಲವೂ ಸಾಧುಗಳಲ್ಲ. ನಾನು ಕಣ್ಣಿಂದ ನೋಡುವ ತನಕ ಬೆಂಕಿಗೆ ಇಡುವ ಅವಸರ ಬೇಡವೆಂದು ಬೀಗರಿಗೆ ಮೆಲ್ಲಗೆ ಹೇಳು. ಅವರ ಸಂತೋಷ ಕೆಡದಂತೆ ಹೇಳು.

ನಿನ್ನ ಮಮ್ಮಿ,
ನಾಗರತ್ನಾ


ಕಮಲಾಪುರ
30 ಜುಲೈ 2025

ನನ್ನ ಮುದ್ದು ಮಮ್ಮಿ,

ನಿನ್ನ ಪತ್ರ ಅಂಚೆಯವನ ಕೈಯಿಂದ ನನ್ನ ಕೈಗೆ ಬಂದದ್ದು ನಿನ್ನೆ. ಮಾವ ಅಷ್ಟರಲ್ಲಿ ಒಲೆ ಹೊತ್ತಿಸಿಯಾಗಿತ್ತು! ಶ್ರಾವಣ ಹಿಡಿದ ದಿನವೇ ಒಳ್ಳೆಯ ಮುಹೂರ್ತ ಅಂತ ಶುರು ಮಾಡಿದರು. ದಿನಾ ಮಧ್ಯಾಹ್ನ ಕಲ್ಲಿನ ಒಂದೊಂದು ಚೂರು ಒಡೆದು, ಕುಟ್ಟಿ, ಮಣ್ಣಿನ ಮೂಸೆಯಲ್ಲಿ ಹಾಕಿ, ಬ್ಲೋವರ್ ತಿರುಗಿಸುತ್ತ ಕೂರುತ್ತಾರೆ. ಹಟಮಾರಿ ಕಲ್ಲು, ಬೆಳ್ಳಿ ಇನ್ನೂ ಬಿಟ್ಟುಕೊಟ್ಟಿಲ್ಲ. ಬಿಳಿ ಹೊಗೆ ಮಾತ್ರ ಬೇಕಾದಷ್ಟು ಬರುತ್ತದೆ. "ಹೊಲಸು ಹೊಂಟದವ್ವಾ, ಚೊಕ್ಕದ್ದು ಉಳೀತದ" ಎನ್ನುತ್ತಾರೆ ಮಾವ. ನಿನ್ನ ಮಾತು ಹೇಳಿದೆ. ನಕ್ಕು, "ಬೀಗತಿ ಬಂದು ನೋಡೋ ಹೊತ್ತಿಗೆ ಬೆಳ್ಳಿನೇ ತೋರಸ್ತೀನಿ" ಅಂದರು. ಅಷ್ಟು ಖುಷಿಯಲ್ಲಿರುವವರಿಗೆ ಇನ್ನೇನು ಹೇಳಲಿ?

ಚಾಕುವಿಗೆ ಕಲ್ಲು ಹೆಚ್ಚುಕಡಿಮೆ ಬಗ್ಗಲೇ ಇಲ್ಲ, ಕೂದಲೆಳೆಯಷ್ಟು ಗೀರು ಬಿತ್ತು. ಟೈಲ್ಸಿಗೆ ಉಜ್ಜಿದರೆ ಬೂದುಗಪ್ಪು ಗೆರೆ. ಅಷ್ಟು ಬೆಳ್ಳಗಿನ ಕಲ್ಲಿನಿಂದ ಕಪ್ಪು ಗೆರೆ! ಮ್ಯಾಜಿಕ್ ನೋಡಿದ ಹಾಗಾಯಿತು.

ಈಗ ದೊಡ್ಡ ಸುದ್ದಿ ಕೇಳು. ನಿನ್ನ ಮಗಳು ಬೆಳ್ಳುಳ್ಳಿ ಕಳ್ಳಿ! ಈ ಮನೆಯಲ್ಲಿ ಶ್ರಾವಣ ಮುಗಿಯುವವರೆಗೆ ಉಳ್ಳಾಗಡ್ಡಿ, ಬೆಳ್ಳುಳ್ಳಿ ಹೊಸ್ತಿಲು ದಾಟುವಂತಿಲ್ಲ. ಇದ್ದಬದ್ದದ್ದನ್ನೆಲ್ಲ ಮೊದಲೇ ಪಕ್ಕದ ಮನೆಗೆ ಕೊಟ್ಟಿದ್ದಾರೆ. ಆದರೂ ನಾಲ್ಕೈದು ದಿನದಿಂದ ಮನೆಯೆಲ್ಲ ಗಮ್ಮಂತ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ! ಸೋಮವಾರ ಅತ್ತೆ ಪೂಜೆ ಅರ್ಧಕ್ಕೆ ಬಿಟ್ಟು ನನ್ನ ಕೋಣೆಗೆ ಬಂದರು.

"ಸೃಷ್ಟಿ, ಖರೇ ಹೇಳು, ನಾ ಬೈಯಂಗಿಲ್ಲ. ಬಸುರಿ ಬಯಕಿ ಯಾರಿಗೂ ಬಿಟ್ಟಿಲ್ಲ. ಎಲ್ಲಿಟ್ಟೀದಿ ಬಳ್ಳೊಳ್ಳಿ?"

"ಇಲ್ಲ ಅತ್ತೀ, ಖರೇನೇ ಇಲ್ಲ."

"ಮತ್ತ ಈ ವಾಸನಿ ನಿಮ್ಮ ಮಾವ ಹಾಕ್ಯಾರೇನು ಒಗ್ಗರಣಿ?"

ನನ್ನ ಮದುವೆಯ ಟ್ರಂಕು, ಮೇಕಪ್ ಡಬ್ಬಿ, ಕೊನೆಗೆ ದಿಂಬಿನ ಚೀಲವನ್ನೂ ಬಿಡಲಿಲ್ಲ ಮಮ್ಮಿ. ಶಿವಲಿಂಗ ಬಾಗಿಲಲ್ಲಿ ನಿಂತು, "ಅವ್ವಾ, ಬ್ಯಾಂಕಿನ ಲಾಕರದಾಗ ಇಟ್ಟೀವಿ, ನಾಳೆ ಸಹಿ ಮಾಡಿ ತರ್ತೀನಿ" ಅಂದರು. ನಾನು ನಕ್ಕು ನಕ್ಕು ಹಾಸಿಗೆ ಮೇಲೆ ಬಿದ್ದೆ. ಆದರೆ ಅವತ್ತು ಸಂಜೆ ದೀಪ ಹಚ್ಚಲು ಜಗಲಿಯ ಹತ್ತಿರ ಹೋದರೆ ಅತ್ತೆ ಬತ್ತಿ ನನ್ನ ಕೈಯಿಂದ ಇಸಿದುಕೊಂಡರು. ತಾವೇ ಹಚ್ಚಿದರು. ಅದೇ ಚುಚ್ಚಿತು.

ವಾಂತಿ ವಿಪರೀತವಾಗಿದೆ. ಬಾಯಲ್ಲಿ ಯಾವಾಗಲೂ ಸ್ಟೀಲ್ ಚಮಚ ಚೀಪಿದಂಥ ರುಚಿ. ತಮಾಷೆ ಎಂದರೆ ಮನೆಯ ಗಂಡಸರಿಗೂ ವಾಂತಿ! ಶಿವಲಿಂಗ ಬ್ಯಾಂಕಿನ ಹತ್ತಿರದ ಭಜಿ ಅಂಗಡಿಯನ್ನು ಬೈಯುತ್ತಿದ್ದಾರೆ. ಮಾವನಿಗೆ ಭೇದಿ, ಕಾಲಿನ ಮೀನಖಂಡ ಹಿಡಿದುಕೊಳ್ಳುತ್ತದೆ. "ಸೊಸಿ ಜೋಡಿ ನಂಗೂ ಬಸುರು ನಿಂತದ" ಅಂತ ತಾವೇ ಜೋಕು ಮಾಡುತ್ತಾರೆ. ಅತ್ತೆ ಒಪ್ಪೊತ್ತಿನವರು, ರಾತ್ರಿ ಬರೀ ಹಣ್ಣು, ಅವರೊಬ್ಬರೇ ಗಟ್ಟಿ.

ಊಟ ಹೋಗುತ್ತಿಲ್ಲ, ಆದರೆ ಬೇಳೆ ಮಾತ್ರ ಇಳಿಯುತ್ತದೆ. ಇಲ್ಲಿನ ಬೋರಿನ ನೀರು ಗಡಸು, ಎಷ್ಟು ಸೀಟಿ ಹೊಡೆಸಿದರೂ ತೊಗರಿಬೇಳೆ ಕಾಳು ಕಾಳಾಗಿಯೇ ಇರುತ್ತದೆ. ಅದಕ್ಕೆ ಅತ್ತೆ ಮಳೆನೀರು ಹಿಡಿಯುತ್ತಾರೆ. ಕಲಾಯಿ ಶೆಡ್ಡಿನ ತಗಡಿನಿಂದ ಧಾರೆ ಬೀಳುವ ಕಡೆ ಡ್ರಮ್ ಇಟ್ಟು, ಬಾಯಿಗೆ ಬಿಳಿ ಬಟ್ಟೆ ಕಟ್ಟುತ್ತಾರೆ. ಆ ನೀರಲ್ಲಿ ಬೇಯಿಸಿದರೆ ಬೇಳೆ ಬೆಣ್ಣೆ! "ಕೂಸಿಗೆ ಬ್ಯಾಳಿ ಛಲೋ" ಅಂತ ಅತ್ತೆ ನನ್ನ ತಟ್ಟೆಗೆ ಎರಡು ಸೌಟು ಹೆಚ್ಚಿಗೆ ಹಾಕುತ್ತಾರೆ. ಮುನಿಸಿದ್ದರೂ ಹಾಕುತ್ತಾರೆ.

ಒಂದೇ ಬೇಸರ. ಹಿತ್ತಿಲಲ್ಲಿ ಒಂದು ಬೂದು ಬೆಕ್ಕು ನನಗೆ ಹೊಂದಿಕೊಂಡಿತ್ತು, ಡ್ರಮ್ಮಿನ ಕೆಳಗೆ ನಿಂತ ನೀರು ಕುಡಿದು ನನ್ನ ಕಾಲಿಗೆ ಮೈ ಉಜ್ಜುತ್ತಿತ್ತು. ನಿನ್ನೆಯಿಂದ ಕಾಣಿಸುತ್ತಿಲ್ಲ.

ಬೆಳ್ಳುಳ್ಳಿ ತಿನ್ನದೆಯೇ ಕಳ್ಳಿಯಾದ,
ಸೃಷ್ಟಿ


ಕೋಟನೂರ, ಕಲಬುರಗಿ
2 ಆಗಸ್ಟ್ 2025

ಸೃಷ್ಟಿ,

ಇದನ್ನು ಓದುವಾಗ ಒಬ್ಬಳೇ ಇರು. ಓದಿದ ಮೇಲೆ ಓಡಬೇಡ, ಕಿರುಚಬೇಡ.

ಡ್ರಮ್ಮಿನ ನೀರನ್ನು ಇನ್ನು ಯಾರೂ ಮುಟ್ಟಬಾರದು. ಕುಡಿಯಲು, ಬೇಯಿಸಲು, ಪಾತ್ರೆ ತೊಳೆಯಲು ಕೂಡ ಬೇಡ. ಬೆಂದ ಬೇಳೆ ಉಳಿದಿದ್ದರೆ ಎಸೆದುಬಿಡು, ದನಕ್ಕೂ ಹಾಕಬೇಡ. ಕುದಿಸಿದರೆ ಹೋಗುವ ವಿಷ ಇದಲ್ಲ, ಬಟ್ಟೆಯಲ್ಲಿ ಸೋಸಿದರೂ ನಿಲ್ಲುವುದಿಲ್ಲ.

ಆ ವಾಸನೆ ಅಡುಗೆಮನೆಯದಲ್ಲ ಮಗಳೇ, ಕಲ್ಲಿನದು. ಆರ್ಸೆನಿಕ್ ಇರುವ ಕಲ್ಲನ್ನು ಕಾಸಿದರೆ, ಗಟ್ಟಿಯಾಗಿ ಬಡಿದರೂ ಸಾಕು, ಬೆಳ್ಳುಳ್ಳಿ ನಾರುತ್ತದೆ. ಮಾವ ಹೊಲಸು ಅಂದದ್ದು ಪಾಷಾಣದ ಹೊಗೆ. ಅದು ತಣ್ಣನೆಯ ತಗಡಿಗೆ ಬಡಿದು ಬಿಳಿ ಪುಡಿಯಾಗಿ ಕೂರುತ್ತದೆ. ಮಳೆ ಅದನ್ನು ತೊಳೆದು ಡ್ರಮ್ಮಿಗೆ ತಂದಿದೆ. ಬೆಳ್ಳಗೆ ತವರದ ಹೊಳಪು, ಬೂದುಗಪ್ಪು ಗೆರೆ, ಚಾಕುವಿಗೆ ಬಗ್ಗದ ಬಿರುಸು, ಕೈ ಜಗ್ಗುವ ತೂಕ, ಚಿನ್ನದ ಗಣಿ. ನೀನು ಎಲ್ಲವನ್ನೂ ಬರೆದಿದ್ದೀ.

ಒಂದೇ ಒಂದು ಕೇಳಬೇಕು. ಕಾಸುವಾಗ ಬೆಂಕಿಕಡ್ಡಿ ಗೀರಿದಂಥ ಗಂಧಕದ ಘಾಟು ಬರುತ್ತಿತ್ತೇ, ಅಥವಾ ಬರೀ ಬೆಳ್ಳುಳ್ಳಿಯೇ? ಘಾಟೂ ಇದ್ದರೆ ಅದು ಆರ್ಸೆನೋಪೈರೈಟ್, ಚಿನ್ನದ ಗಣಿಗಳಲ್ಲಿ ಅನೇಕ ಕಡೆ ಸಿಗುವಂಥದ್ದು. ಬರೀ ಬೆಳ್ಳುಳ್ಳಿಯಾದರೆ ಲೋಲಿಂಗೈಟ್ ಇರಬಹುದು. ಕಬ್ಬಿಣ, ಆರ್ಸೆನಿಕ್, ಅಷ್ಟೇ, ನಡುವೆ ಗಂಧಕವೇ ಇಲ್ಲ. ಅಪರೂಪದ ಖನಿಜ. ನನ್ನ ಇಡೀ ನೌಕರಿಯಲ್ಲಿ ಬೆರಳಿನ ಉಗುರಿನಷ್ಟು ಚೂರನ್ನು ಒಮ್ಮೆ ನೋಡಿದ್ದೇನೆ. ತೂಕದಲ್ಲಿ ಮುಕ್ಕಾಲು ಪಾಲಿಗೆ ಹತ್ತಿರ ಆರ್ಸೆನಿಕ್ಕೇ. ಜಗಲಿಯ ಮೇಲೆ ತಣ್ಣಗೆ ಕೂತಿದ್ದಷ್ಟು ದಿನ ಅದು ಯಾರನ್ನೂ ಮುಟ್ಟಲಿಲ್ಲ. ಬೆಂಕಿ ಅದರ ಬಾಯಿ ತೆರೆಸಿತು.

ಒಲೆ ಉರಿಯುತ್ತಿದ್ದರೆ ನೀರು ಸುರಿಯಬೇಡಿ. ಮೂಗು ಬಾಯಿ ಮುಚ್ಚಿಕೊಂಡು ಮಣ್ಣು ಹಾಕಿ ದೂರ ಸರಿಯಿರಿ. ನೀನಂತೂ ಹತ್ತಿರ ಹೋಗಲೇಬೇಡ. ಎಲ್ಲರಿಗೂ ಮೂತ್ರದ ಪರೀಕ್ಷೆಯಾಗಬೇಕು, ಬೇಗ ಆಗಬೇಕು. ಡಾಕ್ಟರಿಗೆ ಬಸುರಿಯ ವಾಂತಿ ಎಂದು ಹೇಳಬೇಡ, ಆರ್ಸೆನಿಕ್ ಎಂದು ಬಾಯಿಬಿಟ್ಟು ಹೇಳು. ಅದು ತಾಯಿಯಲ್ಲೇ ನಿಲ್ಲುವುದಿಲ್ಲ, ಕೂಸಿಗೂ ದಾಟುತ್ತದೆ. ನಿನ್ನಿಂದ ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಬೆಳಿಗ್ಗೆ ನಿನ್ನ ಫೋನಿಗೆ ಮಾಡಿದೆ. ಅಂಬಮ್ಮನವರು ಎತ್ತಿದರು. ನಾನು ಕೂಗಿದೆ, ಅವರು ಏನೋ ಹೇಳಿದರು. ನನಗೆ "ಆರಾಮ" ಎನ್ನುವುದೊಂದೇ ಕೇಳಿಸಿತು. ಅಳಿಯಂದಿರು ಎತ್ತಲಿಲ್ಲ. ಅದಕ್ಕೆ ಪಕ್ಕದ ಮನೆಯ ಲಾಲ್ ಅಹ್ಮದ್‌ನ ಕಾರಿನಲ್ಲಿ ಈ ಪತ್ರ ಕಳಿಸುತ್ತಿದ್ದೇನೆ. ಅವನಿಗೆ ವಿಷಯ ಹೇಳಿಲ್ಲ. ಸಾಧ್ಯವಾದರೆ ಅದೇ ಕಾರಿನಲ್ಲಿ ಬಂದುಬಿಡು. ಈ ಕಾಲೊಂದು ಇಲ್ಲದಿದ್ದರೆ ನಾನೇ ಬರುತ್ತಿದ್ದೆ.

ಮಮ್ಮಿ


ಕಮಲಾಪುರ
2 ಆಗಸ್ಟ್ 2025

ಮಮ್ಮಿ,

ಲಾಲ್ ಅಹ್ಮದ್ ಕಾಕಾ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕೂತಿದ್ದಾರೆ. ಕಪ್ಪು ಖಾಲಿಯಾಗುವುದರೊಳಗೆ ಬರೆದು ಕೊಡಬೇಕು. ಚಹಾ ಬೋರಿನ ನೀರಲ್ಲೇ ಮಾಡಿದ್ದೇನೆ. ಎರಡು ಸಲ ನೋಡಿಕೊಂಡೆ. ಪಾತ್ರೆಯನ್ನೂ ಮೂಸಿ ನೋಡಿದೆ.

ಬರೀ ಬೆಳ್ಳುಳ್ಳಿ ಮಮ್ಮಿ. ಬೆಂಕಿಕಡ್ಡಿಯ ಘಾಟು ಒಂದು ದಿನವೂ ಬಂದಿಲ್ಲ.

ನಿನ್ನ ಪತ್ರವನ್ನು ಬಚ್ಚಲುಮನೆಯಲ್ಲಿ ನಿಂತು ಓದಿದೆ. ಆಮೇಲೆ ಕಿಟಕಿಯಿಂದ ಶೆಡ್ಡಿನ ತಗಡು ನೋಡಿದೆ. ಅಂಚಿನ ಕೆಳಗೆ, ಮಳೆ ತಾಗದ ಕಡೆ, ಬೆಳ್ಳಗೆ ಹಿಟ್ಟು ಜರಡಿ ಹಿಡಿದ ಹಾಗೆ ಕೂತಿದೆ. ಇಷ್ಟು ದಿನ ಅದು ನನ್ನ ಕಣ್ಣಿಗೆ ಯಾಕೆ ಬೀಳಲಿಲ್ಲ? ಬೆಕ್ಕು ಸಿಕ್ಕಿತು. ಸೌದೆ ರಾಶಿಯ ಹಿಂದೆ ಇತ್ತು. ಅದರ ಬಗ್ಗೆ ಬರೆಯಲಾರೆ.

ನಾನು ಇವತ್ತು ಬರುವುದಿಲ್ಲ. ಬೈಯಬೇಡ. ಶಿವಲಿಂಗ ಬ್ಯಾಂಕಿನಿಂದ ಇನ್ನೂ ಬಂದಿಲ್ಲ. ನಾನು ಕಾರು ಹತ್ತಿದರೆ ಅತ್ತೆ ಸಂಜೆಗೆ ಅದೇ ನೀರಿನಲ್ಲಿ ಬೇಳೆ ಇಡುತ್ತಾರೆ. ಹೇಳಿ ಹೋಗಬೇಕು ಅಂದರೆ ಏನಂತ ಹೇಳಲಿ? ಮಾವ ನಿನ್ನೆಯಿಂದ ಮಲಗಿದ್ದಾರೆ, ಒಲೆ ಹೊತ್ತಿಸಿಲ್ಲ. ಸೋಮವಾರ ಶ್ರಾವಣದ ಎರಡನೇ ಸೋಮವಾರ, ಅವತ್ತು ಏಳುತ್ತೇನೆ, ಅವತ್ತು ಬೆಳ್ಳಿ ಬಂದೇ ಬರುತ್ತದೆ ಎನ್ನುತ್ತಾರೆ. ಅಗಲವಾಗಿದ್ದ ಮುಖ ಹಿಡಿಯಷ್ಟಾಗಿದೆ. ಆ ಮುಖ ನೋಡಿಕೊಂಡು "ನೀವು ಕೂಸಿಗೆ ವಿಷ ಕಾಸುತ್ತಿದ್ದೀರಿ" ಅಂತ ನಾನು ಹೇಗೆ ಹೇಳಲಿ?

ಡ್ರಮ್ಮನ್ನು ಈಗಲೇ ಉರುಳಿಸುತ್ತೇನೆ. ಕಾಲು ಜಾರಿತು ಅಂತ ಹೇಳುತ್ತೇನೆ. ನನಗೀಗ ಎಲ್ಲದರಲ್ಲೂ ಅದೇ ವಾಸನೆ. ನನ್ನ ಅಂಗೈಯಲ್ಲಿ, ಈ ಕಾಗದದಲ್ಲಿ ಕೂಡ. ಕಾಗದದಲ್ಲಿ ಇಲ್ಲ ಅಲ್ಲವಾ? ನಿನಗೆ ಬಂದರೆ ಕೈ ತೊಳೆದುಕೋ.

ಕಾಕಾ ಎದ್ದರು.

ಸೃಷ್ಟಿ


ಕಮಲಾಪುರ, ಆಸ್ಪತ್ರೆಯಿಂದ
4 ಆಗಸ್ಟ್ 2025, ಮಧ್ಯಾಹ್ನ

ಮಮ್ಮಿ,

ಮೊದಲು ಇದನ್ನು ಓದು. ನಾನು ಬದುಕಿದ್ದೇನೆ, ಕೂಸೂ ಇದೆ. ಎಡಗೈಗೆ ಸಲೈನ್ ಹಚ್ಚಿದ್ದಾರೆ. ಬಲಗೈ ಖಾಲಿ ಇದೆ, ಅದಕ್ಕೆ ಬರೆಯುತ್ತಿದ್ದೇನೆ. ಬರೆಯದಿದ್ದರೆ ಏನೇನೋ ಯೋಚನೆ ಬರುತ್ತದೆ.

ಶನಿವಾರ ಡ್ರಮ್ ಉರುಳಿಸಿದೆ. ಅತ್ತೆ ಅತ್ತರು. "ಕಣ್ಣು ಎಲ್ಲಿಟ್ಟಿದ್ದಿ? ಇಂಥಾ ನೀರು ಎಲ್ಲಿ ಸಿಗ್ತದ?" ಅಂದರು. ಶಿವಲಿಂಗ ಬಂದ ಮೇಲೆ ನಿನ್ನ ಪತ್ರ ಕೊಟ್ಟೆ. ನಿಂತುಕೊಂಡೇ ಓದಿದರು, ಆಮೇಲೆ ಕೂತು ಮತ್ತೊಮ್ಮೆ ಓದಿದರು. ನಾನು ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ.

"ಖರೇ ಅದ ಅನಸ್ತದ ಸೃಷ್ಟಿ. ಆದ್ರ ಅಪ್ಪಗ ಹೇಳೋರು ಯಾರು? ಅಜ್ಜನ ಕಲ್ಲು ಅದು."

"ನೀವೇ ಹೇಳಬೇಕಲ್ಲ?"

"ಹೇಳ್ತೀನಿ. ಜರಾ ಆರಾಮ ಆಗಲಿ, ಹೇಳ್ತೀನಿ."

ಭಾನುವಾರ ಶಿವಲಿಂಗ ಮಾವನನ್ನು ಪರೀಕ್ಷೆಗೆ ಕರೆದರು. "ಹೊಟ್ಟಿ ಕೆಟ್ಟಿದ್ದಕ್ಕ ಕಲಬುರಗಿ ಯಾಕ?" ಅಂತ ಮಾವ ಆ ಕಡೆ ತಿರುಗಿ ಮಲಗಿದರು. ಇವರು ಕಾರಣ ಹೇಳಲಿಲ್ಲ. ನಾನೂ ಬಾಗಿಲ ಹತ್ತಿರ ಹೋಗಿ ಹೋಗಿ ವಾಪಸ್ ಬಂದೆ. ಇವರು ಮಾಡಿದ್ದು ಏನು ಗೊತ್ತಾ? ಬ್ಲೋವರಿನ ಹಿಡಿಕೆ ಬಿಚ್ಚಿ ಬ್ಯಾಂಕಿನ ಬ್ಯಾಗಿನಲ್ಲಿ ಅಡಗಿಸಿಟ್ಟರು. ಹಿಡಿಕೆ ಇಲ್ಲದಿದ್ದರೆ ಒಲೆ ಹೊತ್ತುವುದಿಲ್ಲ, ಮಾತೂ ಆಡಬೇಕಾಗಿಲ್ಲ! ಇವತ್ತು ಬೆಳಿಗ್ಗೆ ಮಾವ ಎದ್ದರು. ಗೋಡೆ ಹಿಡಿದುಕೊಂಡು ಶೆಡ್ಡಿಗೆ ಹೋದರು. ಹಿಡಿಕೆ ಹುಡುಕಿದರು, ಸಿಗಲಿಲ್ಲ. ಅಡುಗೆಮನೆಯ ಊದುಗೊಳವೆ ತೆಗೆದುಕೊಂಡು ಹೋಗಿ, ಮೂಸೆಯ ಹತ್ತಿರ ಮುಖವಿಟ್ಟು ಬಾಯಿಂದಲೇ ಊದತೊಡಗಿದರು ಮಮ್ಮಿ. ದೂರ ಕೂತು ಬ್ಲೋವರ್ ತಿರುಗಿಸುತ್ತಿದ್ದವರು ಒಂದು ಮೊಳದ ಅಂತರದಲ್ಲಿ ಆ ಹೊಗೆಯ ಒಳಗೇ ಕೂತಿದ್ದರು.

ನಾನು ಹತ್ತಿರ ಹೋಗಲಿಲ್ಲ. ಅಂಗಳದ ಆಚೆ, ಗಾಳಿ ಈ ಕಡೆಯಿಂದ ಬೀಸುವ ಕಡೆ ನಿಂತು ಕೂಗಿದೆ.

"ಮಾವಾ, ಹೊರಗ ಬರ್ರಿ!"

"ತಡಿಯವ್ವಾ, ಈಗ ಕರಗೋ ಹೊತ್ತು."

"ಅದು ಬೆಳ್ಳಿ ಅಲ್ರೀ ಮಾವಾ. ಪಾಷಾಣ ಅದ."

ಆ ಮಾತು ನನ್ನ ಬಾಯಿಂದ ಬಂತು ಅಂತ ನನಗೇ ನಂಬಿಕೆಯಾಗಲಿಲ್ಲ. ಅತ್ತೆ ಓಡಿ ಬಂದು "ಯವ್ವಾ, ಜಗಲಿ ಮ್ಯಾಲಿನ ಕಲ್ಲಿಗೆ ಏನಂತ ಮಾತಾಡ್ತಿ?" ಅಂದರು. ಮಾವ ಊದುಗೊಳವೆ ಹಿಡಿದುಕೊಂಡೇ ಹೊರಗೆ ಬಂದರು. ಕಣ್ಣು ಕೆಂಪಾಗಿತ್ತು.

"ನಮ್ಮಪ್ಪ ಎದಿಗೆ ಕಟಗೊಂಡು ತಂದ ಕಲ್ಲು ಅದು. ಅದಕ್ಕ ಪಾಷಾಣ ಅಂತೀಯೇನು? ನಿಮ್ಮ ಮಮ್ಮಿ ನಾಕು ಬುಕ್ಕ ಓದ್ಯಾರ ಅಂದ್ರ..."

ಅಷ್ಟರಲ್ಲಿ ತೂರಾಡಿದರು. ಅತ್ತೆ ಹಿಡಿದುಕೊಂಡರು. ಹಿಡಿದುಕೊಂಡವರು ಹಾಗೇ ನಿಂತುಬಿಟ್ಟರು.

"ಇನ್ನೊಮ್ಮೆ ಉಸಿರು ಬಿಡ್ರಿ."

"ಯಾಕ?"

"ಬಿಡ್ರಿ ಅಂದೆ."

ಮಾವ ಉಸಿರು ಬಿಟ್ಟರು. ಅತ್ತೆ ಅವರ ಬಾಯಿಯ ಹತ್ತಿರ ಮುಖ ಒಯ್ದು ಮೂಸಿದರು. ಆಮೇಲೆ ನನ್ನ ಕಡೆ ನೋಡಿದರು. ಆ ನೋಟ ನಾನು ಮರೆಯಲಾರೆ.

"ಅದೇ ವಾಸನಿ. ನನ್ನ ಲಗ್ನ ಆದಾಗಿಂದ ಈ ಮನಶ್ಯಾ ಶ್ರಾವಣದಾಗ ಬಳ್ಳೊಳ್ಳಿ ಮುಟ್ಟಿಲ್ಲ. ನಾ ಸೊಸಿ ದಿಂಬು ಬಿಚ್ಚಕೋತ ಕುಂತೆ."

ಮಾವ ಏನೋ ಹೇಳಲು ಹೋದರು. ಆದರೆ ಅವರ ಕಣ್ಣು ತಗಡಿನ ಮೇಲೆ ಹೋಯಿತು. ಅಲ್ಲಿಂದ ಅಂಚಿಗೆ, ಅಂಚಿನಿಂದ ಉರುಳಿಬಿದ್ದ ಡ್ರಮ್ಮಿಗೆ. ನಾನು ಇನ್ನೊಂದು ಮಾತು ಹೇಳಬೇಕಾಗಲಿಲ್ಲ.

"ಅಂಬಮ್ಮ, ಬ್ಯಾಳಿ ಯಾವ ನೀರಾಗ ಇಡ್ತಿದ್ದಿ?"

ಅತ್ತೆ ಡ್ರಮ್ಮಿನ ಕಡೆ ಕೈ ತೋರಿಸಿದರು.

"ಸೊಸಿಗಿ ಎಷ್ಟು ನೀಡಿದಿ?"

ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡರು. ಮಾವ ನೆಲಕ್ಕೆ ಕೂತುಬಿಟ್ಟರು. ತಮಗೆ ಏನಾಗಿದೆ ಅಂತ ಒಮ್ಮೆಯೂ ಕೇಳಲಿಲ್ಲ ಮಮ್ಮಿ. ಶಿವಲಿಂಗ ಒದ್ದೆ ಟವೆಲ್ ಮುಖಕ್ಕೆ ಸುತ್ತಿಕೊಂಡು ಒಲೆಗೆ ಮಣ್ಣು ಸುರಿದರು.

ಆಮೇಲೆ ನನಗೆ ಸ್ವಲ್ಪ ರಕ್ತ ಕಾಣಿಸಿತು. ಹೆದರಬೇಡ ಅಂತ ಬರೆಯಲು ಹೊರಟೆ, ಆದರೆ ನಾನೇ ಹೆದರಿದ್ದೇನೆ. ಇಲ್ಲಿನ ಡಾಕ್ಟರಿಗೆ ನೀನು ಹೇಳಿದ ಹಾಗೆ ಬಾಯಿಬಿಟ್ಟು ಆರ್ಸೆನಿಕ್ ಅಂದೆ. ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. ಸಣ್ಣ ಮಷಿನ್ ಹೊಟ್ಟೆಯ ಮೇಲೆ ಇಟ್ಟು ತುಂಬ ಹೊತ್ತು ಹುಡುಕಿದರು. ಮೊದಲು ಬರೀ ಗೊರಗೊರ ಸದ್ದು. ಅತ್ತೆ ಗೋಡೆಗೆ ಹಣೆ ಹಚ್ಚಿ ನಿಂತಿದ್ದರು. ಆಮೇಲೆ ಕೇಳಿಸಿತು ಮಮ್ಮಿ! ಎಷ್ಟು ವೇಗ! ಯಾರೋ ಓಡಿ ಬರುತ್ತಿರುವ ಹಾಗೆ. ನಾನು ನಕ್ಕೆ, ಅತ್ತೆ ಅತ್ತರು, ಡಾಕ್ಟರ್ ಎರಡನ್ನೂ ಮಾಡಲಿಲ್ಲ. "ಇವತ್ತು ಎದೆಬಡಿತ ಇದೆ. ಮುಂದಿನದನ್ನು ಕಲಬುರಗಿಯ ಪರೀಕ್ಷೆಗಳೇ ಹೇಳಬೇಕು" ಅಂದರು. ಮೂತ್ರದ ಪರೀಕ್ಷೆ, ಸ್ಕ್ಯಾನ್, ಎಲ್ಲ ಅಲ್ಲೇ. ಇವತ್ತು ಸಲೈನ್ ಮುಗಿಸಿ ಇಲ್ಲೇ ಮಲಗಬೇಕಂತೆ. ರಸ್ತೆಯ ಕುಲುಕು ಬೇಡ, ರೈಲಿನಲ್ಲಿ ಹೋಗಿ ಅಂದರು.

ಮಾವನನ್ನು ಈಗಲೇ ಕಲಬುರಗಿಯ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದಾರೆ, ಶಿವಲಿಂಗ ಜೊತೆಗಿದ್ದಾರೆ. ಅವರೇ ಫೋನ್ ಮಾಡಿ ಲಾಲ್ ಅಹ್ಮದ್ ಕಾಕಾನನ್ನು ಕರೆಸಿದರು. ಈ ಪತ್ರ ಅವರ ಕೈಯಲ್ಲೇ ಕೊಡುತ್ತೇನೆ. ಅತ್ತೆ ನನ್ನನ್ನೂ ಕಾರಿನಲ್ಲಿ ಕಳಿಸುವ ಮಾತೆತ್ತಿದಾಗ ಮಾವ ಮಲಗಿದಲ್ಲಿಂದಲೇ ಕೈ ಅಲ್ಲಾಡಿಸಿದರು. "ನನ್ನ ಸನೇಕ ಆಕಿನ್ನ ಕೂಡಸಬ್ಯಾಡ್ರಿ. ನನ್ನ ಅರಿವ್ಯಾಗ, ಧೋತರದಾಗೆಲ್ಲ ಆ ಬೂದಿ ಅದ" ಅಂದರು. ಕಾಲು ಜೋಮು ಹಿಡಿದಿದೆಯಂತೆ, ಬೆರಳು ಮುಟ್ಟಿದರೆ ಗೊತ್ತಾಗುತ್ತಿಲ್ಲವಂತೆ. ನಾನು ದೂರದಿಂದ ಕೈ ಮುಗಿದೆ. ಅವರು ಮುಖ ಆ ಕಡೆ ತಿರುಗಿಸಿದರು. ಸಿಟ್ಟಿನಿಂದ ಅಲ್ಲ. ಅವರಿಗೆ ಏನೂ ಆಗಬಾರದು ಮಮ್ಮಿ. ನೀನು ಆಸ್ಪತ್ರೆಗೆ ಹೋಗಲಾಗದಿದ್ದರೂ ಡಾಕ್ಟರಿಗೆ ಖನಿಜದ ಹೆಸರು ಬರೆದು ಕಳಿಸು, ಇವರು ಸರಿಯಾಗಿ ಹೇಳುತ್ತಾರೋ ಇಲ್ಲವೋ. ಉಳಿದ ಕಲ್ಲು ಶೆಡ್ಡಿನಲ್ಲೇ ಇದೆ, ಬೀಗ ಹಾಕಿದ್ದಾರೆ. ಅದನ್ನು ಏನು ಮಾಡಬೇಕು ಅಂತಲೂ ಹೇಳು.

ಮೊದಲ ಬಸುರಿಯನ್ನು ಕುಬಸ ತೊಡಿಸಿ ಸೀಮಂತ ಮಾಡದೆ ತವರಿಗೆ ಕಳಿಸುವ ಪದ್ಧತಿ ಈ ಮನೆಯಲ್ಲಿ ಇಲ್ಲ. ನಾಳೆ ಮಂಗಳವಾರ ಬೇರೆ, ಮಂಗಳವಾರ ಸೊಸೆಯನ್ನು ಹೊಸ್ತಿಲು ದಾಟಿಸುವವರಲ್ಲ ಅತ್ತೆ. ನಾನು ಬುಧವಾರ ಹೋಗೋಣವೇ ಅಂತ ಕೇಳಿದೆ. ಬೆಳಿಗ್ಗೆಯಿಂದ ಹನಿ ನೀರು ಕುಡಿಯದೆ ನನ್ನ ಮಂಚದ ಪಕ್ಕ ಕೂತವರು ತಲೆ ಎತ್ತಿದರು.

"ಯಾವ ವಾರನಾದ್ರೂ ಇರಲಿ. ಕುಬಸಾ ಹಿಂದಾಗಡೆ ಮಾಡೋಣು. ನಿನ್ನ ನಿಮ್ಮವ್ವನ ಕೈಯಾಗ ಒಪ್ಪಿಸೋತನಾ ನಾ ಎಲ್ಲೂ ಕೂಡಂಗಿಲ್ಲ."

ಹಾಗೆ ಅಂದು ನನ್ನ ಪಾದ ಹಿಡಿದುಕೊಂಡು ಒತ್ತುತ್ತಿದ್ದಾರೆ. ಬೆರಳು ಬೆರಳಾಗಿ ಒತ್ತಿ "ಗೊತ್ತಾಗ್ತದಿಲ್ಲೋ?" ಅಂತ ಕೇಳುತ್ತಾರೆ. ಗೊತ್ತಾಗುತ್ತದೆ ಅತ್ತೀ ಅಂದರೂ ಮತ್ತೆ ಕೇಳುತ್ತಾರೆ.

ಸ್ಕ್ಯಾನ್ ಮಾಡುವಾಗ ನೀನು ನನ್ನ ಹತ್ತಿರ ಇರಬೇಕು. ಪ್ಲಾಸ್ಟರ್ ಕಾಲಿಗೆ ಗಾಲಿ ಕುರ್ಚಿಯಾದರೂ ಮಾಡಿಸಿಕೊಂಡು ಸ್ಟೇಷನ್ನಿಗೆ ಬಾ. ಅತ್ತೆ, ನಾನು ಇಬ್ಬರೂ ನಾಳೆ, ಮಂಗಳವಾರ, ಆಗಸ್ಟ್ ಐದನೇ ತಾರೀಖು, ಬೆಳಗಿನ ಬೀದರ್–ಕಲಬುರಗಿ ಡೆಮು ರೈಲಿಗೆ ಬರುತ್ತೇವೆ.

ನಿನ್ನ,
ಸೃಷ್ಟಿ